ಸುತ್ತಿಗೆ ಬಿದ್ದರೂ ಕದಲದ ಮೊಣಕಾಲು

ಇಪ್ಪತ್ತೊಂದನೇ ವಯಸ್ಸಿಗೆ ಮನುಷ್ಯನ ಮೈಯ ಬಗ್ಗೆ ನನಗೆ ತಿಳಿಯದ್ದು ಹೆಚ್ಚೇನೂ ಉಳಿದಿಲ್ಲ ಅಂತ ನಾನು ನಂಬಿದ್ದೆ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಫಿಸಿಯೋಥೆರಪಿ ಮೂರನೇ ವರ್ಷ ಓದುತ್ತಿದ್ದೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿತ್ತಷ್ಟೆ. ಆಗ ನಮ್ಮ ಕಡೆ ಫಿಸಿಯೋಥೆರಪಿ ಅಂದರೆ ಎಂತದು, ಮಾಲೀಸಾ ಅಂತ ಕೇಳುವವರೇ ಹೆಚ್ಚು. ನನಗೆ ಮಾತ್ರ ಗುರಿ ಸ್ಪಷ್ಟವಿತ್ತು. ನಾನೂ ಕಬಡ್ಡಿ ಆಡಿದವಳು. ಪೆಟ್ಟಾಗಿ ಹೊರಗೆ ಕೂತ ಆಟಗಾರರನ್ನು ಮತ್ತೆ ಅಂಕಣಕ್ಕೆ ಇಳಿಸುವ ಕೆಲಸವೇ ಬೇಕು ಅಂತ ಹಟ ಹಿಡಿದು ಈ ಓದಿಗೆ ಸೇರಿದ್ದೆ.

ಆ ವರ್ಷ ಬೆಳ್ತಂಗಡಿಯಲ್ಲಿ ಕಬಡ್ಡಿ ಹುಡುಗರ ಹತ್ತು ದಿನದ ಶಿಬಿರ ನಡೆಯಿತು. ನಮ್ಮ ಕಾಲೇಜಿನಿಂದ ನನ್ನನ್ನೂ ಸಫಿಯಾಳನ್ನೂ ಕಳಿಸಿದರು. ಸಫಿಯಾ ತೋಡಾರಿನವಳು, ನನ್ನ ತರಗತಿಯವಳು, ಬೆಂಚಿನಲ್ಲಿ ನನ್ನ ಪಕ್ಕದವಳು. ಬೆಳಿಗ್ಗೆ ಹುಡುಗರ ಪಾದಕ್ಕೆ ಟೇಪು ಸುತ್ತುವುದು, ಸಂಜೆ ಊದಿದ ಕಡೆಗೆ ಐಸು ಇಡುವುದು, ವ್ಯಾಯಾಮ ಮಾಡಿಸುವುದು ನಮ್ಮ ಕೆಲಸ. ತೊಡೆಯ ಸ್ನಾಯು ಎಳೆದುಕೊಂಡ ಹುಡುಗನೊಬ್ಬ ಹತ್ತು ಸಲ ಕಾಲೆತ್ತಿ ಸಾಕು ಅಂದಾಗ ನಾನು, "ನೋವಿಗೆ ಹೆದರುವುದಾದ್ರೆ ಆಟಕ್ಕೆ ಯಾಕೆ ಬಂದದ್ದು? ಇನ್ನೂ ಹತ್ತು" ಅಂದಿದ್ದೆ. ಅವನು ಹಲ್ಲು ಕಚ್ಚಿ ಮಾಡಿದ. ನನಗೆ ಹೆಮ್ಮೆಯಾಯಿತು.

ಶಿಬಿರದ ಕೊನೆಗೆ ನಮ್ಮಲ್ಲಿ ಸುಮಾರು ಜನರಿಗೆ ಹೊಟ್ಟೆ ಕೆಟ್ಟಿತು. ನನಗೆ ಜ್ವರವೂ ಬಂತು. ಮೂರು ದಿನದಲ್ಲಿ ಎಲ್ಲ ಸರಿಯಾಗಿ ಕಾಲೇಜಿಗೆ ವಾಪಸಾದೆವು.

ಅದಾಗಿ ಹತ್ತು ದಿನ ಕಳೆದಿರಬಹುದು. ಒಂದು ಗುರುವಾರ ಪಾದಗಳಲ್ಲಿ ಇರುವೆ ಹರಿದಂತೆ ಜುಮ್ಮೆನ್ನತೊಡಗಿತು. ಮರುದಿನ ಮೂರನೇ ಮಹಡಿಯ ಲ್ಯಾಬಿಗೆ ಹತ್ತುವಾಗ ಕಂಬಿ ಹಿಡಿದುಕೊಂಡೆ. ಪ್ರಾಕ್ಟಿಕಲ್ ಪರೀಕ್ಷೆಗೆ ತಯಾರಿ ನಡೆದಿತ್ತು. ನಾನು ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆ. ಸಫಿಯಾ ರಬ್ಬರಿನ ಸುತ್ತಿಗೆ ತೆಗೆದು ನನ್ನ ಮೊಣಚಿಪ್ಪಿನ ಕೆಳಗೆ ತಟ್ಟಿದಳು. ಸರಿಯಾದ ಜಾಗಕ್ಕೆ ತಟ್ಟಿದರೆ ಕಾಲು ತಾನಾಗಿಯೇ ಮುಂದಕ್ಕೆ ಚಿಮ್ಮಬೇಕು. ಚಿಮ್ಮಲಿಲ್ಲ.

"ಸಡಿಲ ಬಿಡು ಮಾರಾಯ್ತಿ."

"ಸಡಿಲವೇ ಉಂಟು. ನಿನಗೆ ಹೊಡೀಲಿಕ್ಕೆ ಬರುವುದಿಲ್ಲ."

ಅವಳು ಮತ್ತೆ ತಟ್ಟಿದಳು. ಇನ್ನೊಂದು ಕಾಲಿಗೆ ತಟ್ಟಿದಳು. ಗಮನ ಕಾಲಿನಿಂದ ಸರಿಯಲಿ ಅಂತ ಎರಡು ಕೈಯ ಬೆರಳು ಕೊಕ್ಕೆ ಹಾಕಿ ಎಳೆ ಅಂದಳು, ಎಳೆದೆ. ಹಿಮ್ಮಡಿಯ ಹಿಂದೆಯೂ ತಟ್ಟಿ ನೋಡಿದಳು. ನನ್ನ ಕಾಲುಗಳು ಯಾರದೋ ಕಾಲುಗಳ ಹಾಗೆ ಸುಮ್ಮನೆ ತೂಗುತ್ತಿದ್ದವು. ಅವಳ ನಗು ಹೋಗಿತ್ತು. ಆ ಕ್ಷಣದಲ್ಲಿ ನಮ್ಮಿಬ್ಬರ ತಲೆಯಲ್ಲೂ ಪುಸ್ತಕದ ಒಂದೇ ಪುಟ ತೆರೆದಿತ್ತು ಅಂತ ಈಗ ಅನಿಸುತ್ತದೆ. ಇಬ್ಬರೂ ಅದರ ಹೆಸರು ಹೇಳಲಿಲ್ಲ.

"ಪ್ರಭು ಸರ್‌ಗೆ ತೋರಿಸುವ," ಅಂದಳು. ಪ್ರಭು ಸರ್ ನಮಗೆ ಪಾಠ ಮಾಡುತ್ತಿದ್ದವರು, ಅಂದು ರಜೆಯಲ್ಲಿದ್ದರು. "ಸೋಮವಾರ ನೋಡುವ," ಅಂದು ನಾನು ಊರಿನ ಬಸ್ಸು ಹತ್ತಿದೆ. ಹತ್ತಿದೆ ಅಂದರೆ ಬಾಗಿಲಿನ ಕಂಬಿ ಹಿಡಿದು ಕೈಯ ಬಲದಿಂದ ಮೈಯನ್ನು ಮೇಲಕ್ಕೆ ಎಳೆದುಕೊಂಡೆ. ಅದು ಆಯಾಸ ಅಂತ ನನಗೆ ನಾನೇ ಹೇಳಿಕೊಂಡೆ.

ನಮ್ಮ ಮನೆ ಬಂಟ್ವಾಳದಲ್ಲಿ. ಅಮ್ಮ ಅಂಗನವಾಡಿ ಟೀಚರ್. ಅಪ್ಪ ಮಸ್ಕತ್‌ನ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ನಾವು ಆಡುವುದು ತುಳು. ಆ ಮಾತುಗಳನ್ನೇ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶನಿವಾರ ಬೆಳಿಗ್ಗೆ ನೆಲದ ಮೇಲೆ ಕೂತು ತಿಂಡಿ ತಿಂದವಳಿಗೆ ಏಳಲು ಆಗಲಿಲ್ಲ. ಅಮ್ಮ ಕಂಕುಳಿಗೆ ಕೈ ಹಾಕಿ ಎತ್ತಿದರು. ನಿಂತೆ. ಆದರೆ ಕೈ ಬಿಟ್ಟರೆ ಮೊಣಕಾಲು ಮಡಚುತ್ತಿತ್ತು.

ಅಮ್ಮ ಪಕ್ಕದ ಮನೆಯಿಂದ ಫೋನು ಮಾಡಿದ್ದು ಬೆಳ್ತಂಗಡಿಯ ನನ್ನ ಮಾವನಿಗೆ. ಅಮ್ಮನ ಅಣ್ಣ ಸಂಜೀವ ಮಾವನಿಗೆ ಅಲ್ಲಿ ಸಣ್ಣದೊಂದು ಹೋಟೆಲು. ಒಂದು ಗಂಟೆಯಲ್ಲಿ ಅವರು ಹೋಟೆಲಿನ ತರಕಾರಿ ಸಾಗಿಸುವ ಓಮ್ನಿಯಲ್ಲಿ ಬಂದರು.

"ಶಿಬಿರ ಅಂತ ಹತ್ತು ದಿನ ಬಿಸಿಲಲ್ಲಿ ಓಡಾಡಿದ್ದಾಳೆ. ನರ ಹಿಡಿದದ್ದು," ಅಂದರು ಮಾವ. "ನಾನು ಮರದಿಂದ ಬಿದ್ದಾಗ ಸೊಂಟ ಸರಿ ಮಾಡಿದ ಪಂಡಿತರಿದ್ದಾರಲ್ಲ, ಅಲ್ಲಿಗೆ ಕರ್ಕೊಂಡು ಹೋಗುವ. ಏಳು ದಿನ ಎಣ್ಣೆ ಹಾಕಿ ತಿಕ್ಕಿದ್ರೆ ಎದ್ದು ಓಡ್ತಾಳೆ."

ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಮಾವ ಹೇಳಿದ್ದೇ ನಿಜವಾಗಲಿ, ಇದು ಬರೀ ಹಿಡಿದ ನರವಾಗಲಿ ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಮೂರು ವರ್ಷ ಓದಿದ್ದೆಲ್ಲ ಆ ಆಸೆಯ ಮುಂದೆ ನಿಲ್ಲಲಿಲ್ಲ. ಅಮ್ಮ ನನ್ನ ಬಟ್ಟೆ ಚೀಲಕ್ಕೆ ತುಂಬಿದರು.

ಓಮ್ನಿಯ ಬಾಗಿಲು ತೆಗೆದಾಗ ಸಫಿಯಾ ಬಂದಳು. ಬಿ.ಸಿ. ರೋಡಿನಲ್ಲಿ ಬಸ್ಸಿಳಿದು ರಿಕ್ಷಾ ಮಾಡಿಕೊಂಡು ಬಂದಿದ್ದಳು. ಪ್ರಭು ಸರ್ ಮನೆಗೆ ಫೋನು ಮಾಡಿ ಎಲ್ಲ ಹೇಳಿದ್ದಳಂತೆ. ಯಾರನ್ನೂ ಮಾತಾಡಿಸದೆ ನೇರ ನನ್ನ ಹತ್ತಿರ ಬಂದು, "ದೀರ್ಘ ಉಸಿರು ತಗೊ. ಒಂದೇ ಉಸಿರಲ್ಲಿ ಎಷ್ಟು ಆಗ್ತದೋ ಅಷ್ಟು ಎಣಿಸು," ಅಂದಳು.

ಇಪ್ಪತ್ತಾರಕ್ಕೆ ಉಸಿರು ಮುಗಿಯಿತು. ಅವಳು ತಾನೂ ಎಣಿಸಿದಳು. ನಲವತ್ತು ದಾಟಿತು.

"ಟೀಚರ್," ಅಂದಳು ಅಮ್ಮನಿಗೆ, "ಇವಳನ್ನು ಈಗಲೇ ಮಂಗಳೂರಿಗೆ ಕರ್ಕೊಂಡು ಹೋಗ್ಬೇಕು. ಇವತ್ತೇ."

"ಕಾಲಿನ ನೋವಿಗೂ ಉಸಿರಿಗೂ ಎಂತ ಸಂಬಂಧ?" ಮಾವನ ದನಿ ಏರಿತು. "ನಿಮ್ಮದು ಇನ್ನೂ ಓದಿ ಆಗಿಲ್ಲ. ನಮ್ಮ ಮಗುವಿನ ಮೇಲೆ ಪರೀಕ್ಷೆ ಮಾಡುವುದಾ?"

ಸಫಿಯಾಳ ಕಣ್ಣು ತುಂಬಿತು. ಆದರೆ ಬಾಗಿಲಿನಿಂದ ಸರಿಯಲಿಲ್ಲ. "ಮಾವ, ಇದು ಕಾಲಿನಿಂದ ಮೇಲೆ ಹತ್ತುವ ಕಾಯಿಲೆ. ಎದೆಗೆ ಬಂದ್ರೆ ಉಸಿರು ನಿಲ್ತದೆ. ನಾನು ಹೇಳಿದ್ದು ಸುಳ್ಳಾದ್ರೆ ನಾಳೆ ನನಗೆ ಬೈಯಿರಿ. ಪಂಡಿತರಲ್ಲಿಗೆ ನಾನೇ ಜೊತೆಗೆ ಬರ್ತೇನೆ."

ಮಾವ ನನ್ನನ್ನು ನೋಡಿದರು. "ಹೌದಾ ಜಯಾ?"

"ಹೌದು," ಅಂದೆ. ನಿನ್ನೆಯಿಂದ ನುಂಗಿಕೊಂಡಿದ್ದ ಮಾತು ಅದು.

ಅವರು ಹಿಂದಿನ ಸೀಟಿನಿಂದ ಖಾಲಿ ತರಕಾರಿ ಬುಟ್ಟಿಗಳನ್ನು ನಮ್ಮ ಅಂಗಳಕ್ಕೆ ಎಸೆದು, ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಮಲಗಿಸಿದರು. ಮಂಗಳೂರಿನ ದಾರಿಯುದ್ದಕ್ಕೂ ಹಾರನ್ನಿನಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವ ಬೆಂಚು ಒಂದು ಉದ್ದ ಕಾರಿಡಾರಿನಲ್ಲಿತ್ತು. ನನ್ನನ್ನು ಗಾಲಿಕುರ್ಚಿಯಲ್ಲಿ ಅದರ ಪಕ್ಕ ನಿಲ್ಲಿಸಿದ್ದರು. ಬಾಗಿಲು ತೆರೆದಾಗಲೆಲ್ಲ ಅಮ್ಮ ಎದ್ದು ನಿಲ್ಲುತ್ತಿದ್ದರು, ಬೇರೆಯವರ ಹೆಸರು ಕೇಳಿ ಕೂರುತ್ತಿದ್ದರು. ನಾನು ಕುರ್ಚಿಯಲ್ಲೇ ನನ್ನ ಕೈ ನೋಡಿಕೊಂಡೆ. ಹೆಬ್ಬೆರಳು ಕಿರುಬೆರಳನ್ನು ಮುಟ್ಟುತ್ತಿತ್ತು. ಬಿಗಿಯಾಗಿ ಒತ್ತಲು ಆಗುತ್ತಿರಲಿಲ್ಲ. ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವುದು ನಮ್ಮ ಕ್ರಮ. ನನ್ನ ಕೈಗೆ ನಾನೇ ಅಂಕ ಕೊಟ್ಟೆ. ಮೂರು. ಬೆಳಿಗ್ಗೆ ಐದಿತ್ತು.

ನರರೋಗದ ಡಾಕ್ಟರು ಬೆನ್ನಿನಿಂದ ನೀರು ತೆಗೆದರು, ನರಗಳಿಗೆ ವಿದ್ಯುತ್ತು ಕೊಟ್ಟು ನೋಡಿದರು. ಜಿ.ಬಿ. ಸಿಂಡ್ರೋಮ್ ಅಂದರು, ಶಿಬಿರದಲ್ಲಿ ಹೊಟ್ಟೆ ಕೆಡಿಸಿದ ಸೋಂಕಿನ ವಿರುದ್ಧ ಎದ್ದ ಮೈಯ ಕಾವಲೇ ನರಗಳ ಮೇಲೆ ತಿರುಗಿಬಿದ್ದದ್ದು. ಲ್ಯಾಬಿನಲ್ಲಿ ನಾವು ಹೇಳದೇ ಬಿಟ್ಟಿದ್ದ ಹೆಸರು ಅದೇ. ಹೆಚ್ಚಿನವರು ಗುಣವಾಗುತ್ತಾರೆ ಅಂತ ಅಮ್ಮನಿಗೆ ಧೈರ್ಯ ಹೇಳಿದರು. ಅಮ್ಮ ಆ ಮಾತನ್ನು ಗಟ್ಟಿ ಹಿಡಿದುಕೊಂಡರು. ನಾನು ಹೆಚ್ಚಿನವರಲ್ಲಿ ಸೇರದವರ ಬಗ್ಗೆಯೂ ಓದಿದ್ದೆ.

ಭಾನುವಾರ ಬೆಳಿಗ್ಗೆ ಒಂದೇ ಉಸಿರಿನಲ್ಲಿ ಹತ್ತೊಂಬತ್ತು. ಮಧ್ಯಾಹ್ನ ಹದಿಮೂರು. ಐಸಿಯುವಿನ ನರ್ಸ್ ಲವೀನಾ ಸಿಸ್ಟರ್ ಗಂಟೆಗೊಮ್ಮೆ ಬಂದು ಎಣಿಸಲು ಹೇಳುವರು, ಬರೆದುಕೊಳ್ಳುವರು. ಸಂಖ್ಯೆ ಕೇಳಿದಾಗ ಅವರ ಮುಖ ಬದಲಾಗುತ್ತಿರಲಿಲ್ಲ. ಅದನ್ನು ಅವರು ಎಷ್ಟು ಕಷ್ಟಪಟ್ಟು ಕಲಿತಿರಬೇಕು ಅಂತ ಈಗ ಗೊತ್ತಾಗುತ್ತದೆ. ನಾಲ್ಕು ಗಂಟೆಗೆ ಒಂಬತ್ತು ಬಂತು. ನುಂಗಿದ ನೀರು ಮೂಗಿನಿಂದ ಹೊರಬಂತು. ಹೆಚ್ಚು ಎಣಿಸಬೇಕು ಅಂತ ನಾನು ಮೋಸ ಮಾಡಲೂ ನೋಡಿದೆ, ಅಂಕಿಗಳನ್ನು ಒಂದರ ಮೇಲೊಂದು ಹಾಕಿ ಓಡಿಸಿದೆ. ಸಿಸ್ಟರ್ ನನ್ನ ಹಣೆ ಒರೆಸಿ, "ಮೆಲ್ಲ ಹೇಳು ಮಗಳೇ. ಇದರಲ್ಲಿ ಪಾಸು ಫೇಲು ಇಲ್ಲ," ಅಂದರು.

ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸುವ ಮೊದಲು ಅಮ್ಮನನ್ನು ಒಳಗೆ ಬಿಟ್ಟರು. ಸಹಿ ಮಾಡಿ ಬಂದಿದ್ದರು. ನಾನು ಎರಡೆರಡು ಪದಕ್ಕೆ ಉಸಿರು ತೆಗೆದುಕೊಳ್ಳುತ್ತ, "ಅಮ್ಮ, ನನಗೆ ಎಲ್ಲ ಕೇಳ್ತದೆ. ಮಾತಾಡ್ಲಿಕ್ಕೆ ಆಗುದಿಲ್ಲ ಅಷ್ಟೆ. ನೀವು ಮಾತಾಡ್ತಾ ಇರಿ," ಅಂದೆ.

"ಎಂತ ಮಾತಾಡ್ಲಿ ಮಗಾ?"

"ಏನಾದ್ರೂ."

ಆಮೇಲಿನ ಮೂರು ವಾರಗಳಲ್ಲಿ ನನಗೆ ಅಲ್ಲಾಡಿಸಲು ಉಳಿದದ್ದು ಕಣ್ಣಿನ ರೆಪ್ಪೆ ಮಾತ್ರ. ಪ್ರಜ್ಞೆ ಪೂರ್ತಿ ಇತ್ತು. ಹಾಸಿಗೆಯ ಮಡಿಕೆಯೊಂದು ಬೆನ್ನಿಗೆ ಒತ್ತಿದರೆ ಅದೇ ಇಡೀ ಪ್ರಪಂಚ. ಯಂತ್ರದ ಕೊಳವೆ ಎಲ್ಲಾದರೂ ಕಳಚಿಕೊಂಡರೆ ಕೂಗಲು ಸಾಧ್ಯವಿಲ್ಲ ಎಂಬ ಯೋಚನೆ ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ. ಒಂದು ಮಧ್ಯಾಹ್ನ ಅದು ನಿಜಕ್ಕೂ ಕಳಚಿತು. ಯಂತ್ರ ಕಿರುಚಿಕೊಂಡಿತು. ಲವೀನಾ ಸಿಸ್ಟರ್ ಓಡಿಬಂದು ಜೋಡಿಸುವವರೆಗೆ ಎಷ್ಟು ಹೊತ್ತಾಯಿತೋ, ಹತ್ತು ಸೆಕೆಂಡೇ ಇರಬೇಕು. ಆ ಹತ್ತು ಸೆಕೆಂಡಿನಲ್ಲಿ ನಾನು ಮೇಲಿನ ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ನೋಡಿದೆ. ಅವು ಈಗಲೂ ಕನಸಿನಲ್ಲಿ ಬರುತ್ತವೆ.

ರಕ್ತದ ನೀರಿನಂಥ ಭಾಗವನ್ನು ತೆಗೆದು ಬೇರೆಯವರದ್ದನ್ನು ತುಂಬಿಸುವ ಚಿಕಿತ್ಸೆ ದಿನ ಬಿಟ್ಟು ದಿನ ಐದು ಸಲ ನಡೆಯಿತು. ಅದಕ್ಕೆ ತುಂಬ ಜನ ರಕ್ತ ಕೊಡಬೇಕಿತ್ತು. ಮಾವ ಬೆಳ್ತಂಗಡಿಯಲ್ಲಿ ಹೇಳಿದ್ದೇ ತಡ, ಶಿಬಿರದ ಕಬಡ್ಡಿ ಹುಡುಗರು ಓಮ್ನಿ ತುಂಬ ಬಂದರಂತೆ, ಎರಡು ಸುತ್ತು. ನಾನು ಗದರಿದ್ದ ಹುಡುಗನೂ ಅವರಲ್ಲಿದ್ದ ಅಂತ ಸಫಿಯಾ ಕಿವಿಯಲ್ಲಿ ಹೇಳಿದಳು. ನನ್ನ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಕೈ ಇರಲಿಲ್ಲ, ಅವಳೇ ಒರೆಸಿದಳು.

ನೋಡಲು ಬಿಡುತ್ತಿದ್ದದ್ದು ಸಂಜೆ ನಾಲ್ಕಕ್ಕೆ ಹತ್ತು ನಿಮಿಷ. ಅಮ್ಮ ಅಂಗನವಾಡಿಯ ಗೋಡೆಯಿಂದ ಅಕ್ಷರಮಾಲೆಯ ಚಾರ್ಟು ಬಿಚ್ಚಿ ತಂದರು. ಆನೆ, ಇಲಿ, ಈಶ ಅಂತ ಚಿತ್ರಗಳಿದ್ದ ಹಾಳೆ. ಅವರು ಒಂದೊಂದೇ ಅಕ್ಷರದ ಮೇಲೆ ಬೆರಳಿಡುವುದು, ಬೇಕಾದದ್ದು ಬಂದಾಗ ನಾನು ರೆಪ್ಪೆ ಬಡಿಯುವುದು. ಮೊದಲ ದಿನ ನಾನು ಆರಿಸಿದ್ದು ಎರಡು ಅಕ್ಷರ. ಮ. ಗ.

"ಮಗ!" ಅಮ್ಮ ಚಾರ್ಟನ್ನು ಎದೆಗವಚಿಕೊಂಡು ಅಳತೊಡಗಿದರು. "ಹೌದು ಮಗಾ, ನಾನಿದ್ದೇನೆ ಮಗಾ."

ನಾನು ರೆಪ್ಪೆ ಬಡಿದೆ, ಮತ್ತೆ ಬಡಿದೆ. ಹತ್ತು ನಿಮಿಷದಲ್ಲಿ ಆರು ಆಗಲೇ ಕಳೆದಿತ್ತು. ಸಫಿಯಾ ನನ್ನ ಮುಖವನ್ನೇ ನೋಡುತ್ತಿದ್ದವಳು, "ಟೀಚರ್, ಮಗ ಅಲ್ಲ, ಮೂಗು! ಕೊಂಬು ದೀರ್ಘ ಎಲ್ಲ ಹಾಕ್ಲಿಕ್ಕೆ ಅವಳಿಗೆ ಆಗುದಿಲ್ಲ. ಮೂಗು ತುರಿಸ್ತದಾ ಜಯಾ?" ಅಂದಳು.

ಬೆಳಗಿನಿಂದ ತುರಿಸುತ್ತಿತ್ತು. ಅಮ್ಮ ಅಳುತ್ತಲೇ ನನ್ನ ಮೂಗು ತುರಿಸಿದರು. ಅಷ್ಟು ದೊಡ್ಡ ಸುಖ ಅದರ ಮೊದಲೂ ಆಮೇಲೂ ನನಗೆ ಸಿಕ್ಕಿಲ್ಲ. ಆಚೆ ಮಂಚದ ಹತ್ತಿರ ಲವೀನಾ ಸಿಸ್ಟರ್ ನಗುವುದು ಕೇಳಿಸಿತು.

ಒಂಬತ್ತನೇ ದಿನ ಅಪ್ಪ ಮಸ್ಕತ್‌ನಿಂದ ಬಂದರು. ಬಾಗಿಲಲ್ಲಿ ನಿಂತು ನನ್ನನ್ನು ಹುಡುಕಿದರು. ಎದುರಿಗೇ ಇದ್ದ ನನ್ನ ಗುರುತು ಸಿಗಲಿಲ್ಲ. ಸಿಸ್ಟರ್ ಕರೆತಂದ ಮೇಲೆ ಕಾಲ ಬುಡದಲ್ಲಿ ನಿಂತು, ಏನು ಮಾಡುವುದೆಂದು ತಿಳಿಯದೆ, ಎರಡೂ ಪಾದಗಳನ್ನು ಹಿಡಿದು ನಾದಿದರು. ಬೇಕರಿಯಲ್ಲಿ ಹಿಟ್ಟು ನಾದಿದ ಕೈ. ನನಗೆ ಅದರ ಸ್ಪರ್ಶ ಗೊತ್ತಾಗಲಿಲ್ಲ. ಅವರ ಭುಜ ಏರಿಳಿಯುವುದನ್ನು ನೋಡಿ ನಾದುತ್ತಿದ್ದಾರೆ ಅಂತ ತಿಳಿದುಕೊಂಡೆ.

ಇಪ್ಪತ್ತನೇ ದಿನದ ಹೊತ್ತಿಗೆ ಭುಜ ಸ್ವಲ್ಪ ಅಲುಗಿತು. ಇಪ್ಪತ್ತನಾಲ್ಕಕ್ಕೆ ಯಂತ್ರ ತೆಗೆದರು. ಕಾಯಿಲೆ ಕಾಲಿನಿಂದ ಮೇಲೇರಿತ್ತು. ಇಳಿಯುವಾಗ ಮೇಲಿನಿಂದ ಕೆಳಗೆ, ಬಹಳ ಸಾವಕಾಶವಾಗಿ ಇಳಿಯಿತು. ಎರಡು ತಿಂಗಳಿಗೆ ಮನೆಗೆ ಬಂದಾಗ ಕೈಯಲ್ಲಿ ಚಮಚ ನಿಲ್ಲುತ್ತಿತ್ತು, ಎಬ್ಬಿಸಿದರೆ ಕೂರುತ್ತಿದ್ದೆ. ಕಾಲಿಗೆ ಎರಡು ಅಂಕ. ಅಂದರೆ ಹಾಸಿಗೆಯ ಮೇಲೆ ಜಾರಿಸಬಹುದು, ಎತ್ತಲಾಗದು. ಅಪ್ಪನ ರಜೆ ಮುಗಿಯಿತು, ಅವರು ವಾಪಸು ಹೋದರು. ಪ್ರಭು ಸರ್ ವಾರಕ್ಕೆರಡು ಸಲ ಬಂಟ್ವಾಳಕ್ಕೆ ಬಂದು ವ್ಯಾಯಾಮ ಮಾಡಿಸುತ್ತಿದ್ದರು. ಕೈಯದ್ದು, ಕಾಲಿನದ್ದು ಒಂದೊಂದೂ ಐದು ಸಲ, ಆಮೇಲೆ ವಿಶ್ರಾಂತಿ. ನನಗೆ ಅದು ಏನೇನೂ ಸಾಲುತ್ತಿರಲಿಲ್ಲ. ನನ್ನ ಜೊತೆಯವರು ಪರೀಕ್ಷೆ ಬರೆದು ಮುಂದಿನ ವರ್ಷಕ್ಕೆ ಹೋಗಿದ್ದರು. ಅಮ್ಮ ಅಂಗನವಾಡಿಗೆ ಹೋದ ಮೇಲೆ ನಾನು ಐದನ್ನು ಇಪ್ಪತ್ತು ಮಾಡಿದೆ, ಇಪ್ಪತ್ತನ್ನು ಐವತ್ತು ಮಾಡಿದೆ. ತೊಡೆ ನಡುಗಿದರೆ, ನೋವಿಗೆ ಹೆದರಬಾರದು ಅಂತ ನನಗೇ ಗದರಿದೆ.

ಹಾಗೆ ಶುರು ಮಾಡಿದ ಆರನೇ ದಿನ ಬೆಳಿಗ್ಗೆ ಚಮಚ ಕೈಯಿಂದ ಜಾರಿತು. ಹೆಕ್ಕಲು ಬಗ್ಗಿದವಳು ಮಂಚದಿಂದ ಬಿದ್ದೆ. ಕೈ ಊರಿ ಏಳಲು ನೋಡಿದೆ. ತೋಳು ಮೇಣದ ಹಾಗೆ ಬಾಗಿತು. ನೆಲದ ಮೇಲೆ ಬಿದ್ದಲ್ಲೇ ಎಣಿಸತೊಡಗಿದೆ. ಎದೆ ಹೊಡೆದುಕೊಳ್ಳುತ್ತಿದ್ದರಿಂದ ಹದಿನಾಲ್ಕಕ್ಕೆ ಉಸಿರು ಮುರಿಯಿತು. ಮತ್ತೆ ಬಂತು ಅಂದುಕೊಂಡೆ. ಮತ್ತೆ ಕೊಳವೆ, ಮತ್ತೆ ಫ್ಯಾನಿನ ರೆಕ್ಕೆಗಳು. ಅಮ್ಮ ಮಧ್ಯಾಹ್ನ ಬರುವವರೆಗೆ ಎರಡು ಗಂಟೆ ಹಾಗೇ ಬಿದ್ದು, ಪ್ರತಿ ಸಲ ಬೇರೆ ಸಂಖ್ಯೆಗೆ ಮುರಿಯುವ ಉಸಿರನ್ನು ಕೇಳುತ್ತಿದ್ದೆ.

ಪ್ರಭು ಸರ್ ಸಂಜೆಗೇ ಬಂದರು. ಸುತ್ತಿಗೆ, ಅಂಕ, ಉಸಿರು, ಎಲ್ಲ ನೋಡಿದರು. ಆಮೇಲೆ ಕೇಳಿದರು, "ಎಷ್ಟು ಸಲ ಮಾಡ್ತಾ ಇದ್ದೆ?"

ಸುಳ್ಳು ಹೇಳಲಾಗಲಿಲ್ಲ. "ಐವತ್ತು."

"ಕಾಯಿಲೆ ಮತ್ತೆ ಬಂದದ್ದಲ್ಲ. ನೀನು ದಣಿಸಿದ್ದು." ಅವರು ಯಾವತ್ತೂ ದನಿ ಏರಿಸಿದವರಲ್ಲ, ಅಂದು ಏರಿಸಿದರು. "ಉಳುಕಿದ ಕಾಲಿಗೂ ಸತ್ತು ಚಿಗುರುವ ನರಕ್ಕೂ ವ್ಯತ್ಯಾಸ ಉಂಟಾ ಇಲ್ವಾ? ಚಿಗುರನ್ನು ಹಿಡಿದು ಎಳೆದ್ರೆ ಉದ್ದ ಆಗ್ತದಾ? ಬೇರೆ ರೋಗಿಗೆ ನೀನು ಹೀಗೆ ಮಾಡಿಸ್ತಿದ್ದೆಯಾ?"

ಮಾಡಿಸುತ್ತಿದ್ದೆ. ಶಿಬಿರದಲ್ಲಿ ಮಾಡಿಸಿಯೂ ಇದ್ದೆ. ತುಂಬ ಹೊತ್ತು ಅತ್ತೆ. ಅವರು ಹೋಗುವಾಗ ಮೆತ್ತಗೆ, "ಪೆಟ್ಟಾದ ಆಟಗಾರನಿಗೆ ಮೊದಲು ಎಂತ ಕೇಳಬೇಕು ಅಂತ ಕಲಿಸಿದ್ದೇನೆ? ಯಾವ ಆಟಕ್ಕೆ ವಾಪಸು ಹೋಗ್ಬೇಕು ಅಂತ. ನಿನಗೆ ಯಾವ ಆಟಕ್ಕೆ ಹೋಗ್ಬೇಕು?" ಅಂದರು.

ಕಬಡ್ಡಿ ಅನ್ನಲು ಬಾಯಿ ತೆರೆದವಳು, "ಒಬ್ಬಳೇ ಬಸ್ಸು ಹತ್ತಿ ಕಾಲೇಜಿಗೆ ಬರ್ಬೇಕು ಸರ್," ಅಂದೆ.

ಮುಂದಿನ ವಾರ ಸಫಿಯಾ ಅಳತೆಯ ಟೇಪು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ, ಕಂಡಕ್ಟರುಗಳ ಕೈಯಲ್ಲಿ ತಮಾಷೆ ಮಾಡಿಸಿಕೊಂಡು, ನಾಲ್ಕು ಬಸ್ಸುಗಳ ಮೆಟ್ಟಿಲಿನ ಎತ್ತರ ಬರೆದುಕೊಂಡು ಬಂದಳು. ಮಾವ ತಮ್ಮ ಹೋಟೆಲಿಗೆ ಬೆಂಚು ಮಾಡಿಕೊಟ್ಟ ಆಚಾರಿಯಿಂದ ಮೂರು ಎತ್ತರದ ಮರದ ಮೆಟ್ಟಿಲು ಮಾಡಿಸಿದರು. ಕೊನೆಯದ್ದು ಸರೀ ಬಸ್ಸಿನಷ್ಟೇ ಎತ್ತರ. ಮೊದಲನೆಯದನ್ನು ಹತ್ತಲು ನನಗೆ ಎರಡು ತಿಂಗಳು ಬೇಕಾಯಿತು. ಐದು ಸಲ, ಆಮೇಲೆ ವಿಶ್ರಾಂತಿ. ಆರನೆಯದಕ್ಕೆ ಮನಸ್ಸು ಕುಣಿದಾಗಲೆಲ್ಲ ಅಮ್ಮ, "ಟೀಚರ್ ನಾನು. ಕೂತ್ಕೊ," ಅನ್ನುತ್ತಿದ್ದರು.

ಈಗ ನಾನು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಕಾಲ ಬೆರಳುಗಳು ಇಂದಿಗೂ ಪೂರ್ತಿ ನನ್ನವಾಗಿಲ್ಲ. ಚಪ್ಪಲಿ ಜಾರಿ ಹೋದರೂ ಗೊತ್ತಾಗುವುದಿಲ್ಲ. ಸಂಜೆಯ ಹೊತ್ತಿಗೆ ಬೇರೆಯವರಿಗಿಂತ ಬೇಗ ಸುಸ್ತಾಗುತ್ತೇನೆ, ಆಗ ನಾಚಿಕೆಯಿಲ್ಲದೆ ಕೂರುತ್ತೇನೆ. ಐಸಿಯುವಿನ ಹೊರಗಿನ ಬೆಂಚಿನಲ್ಲಿ ಕೂತವರು ಮೊದಲಿನ ಹಾಗೆ ಆಗ್ತಾರಾ ಅಂತ ಕೇಳುತ್ತಾರೆ. ನನಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲ ಅಂತಲೇ ಹೇಳಿ, ಅವರ ಪಕ್ಕ ಸ್ವಲ್ಪ ಹೊತ್ತು ಕೂತು, ನನ್ನ ಕಥೆಯ ಒಂದು ದಿನವನ್ನು ಹೇಳುತ್ತೇನೆ.

ಕಾಯಿಲೆ ಬಿದ್ದು ಹತ್ತು ತಿಂಗಳಾಗಿತ್ತು. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ಶೂಸಿನೊಳಗೆ ಹಾಕಿ, ಚೂಡಿದಾರದಿಂದ ಮುಚ್ಚಿಕೊಂಡಿದ್ದೆ. ಅಮ್ಮ ಬಿ.ಸಿ. ರೋಡಿನವರೆಗೆ ರಿಕ್ಷಾದಲ್ಲಿ ಬಂದರು. ಅಲ್ಲಿಂದ ಮುಂದೆ ಬರಬಾರದು ಅಂತ ಮಾತಾಗಿತ್ತು. ಸಿದ್ದಕಟ್ಟೆ ಮೂಲಕ ಮೂಡುಬಿದಿರೆಗೆ ಹೋಗುವ ಬಸ್ಸು ಬಂತು. ಜನ ನುಗ್ಗಿದರು. ಎಲ್ಲರೂ ಹತ್ತಿಯಾದ ಮೇಲೆ ಬಲಗಾಲು ಮೆಟ್ಟಿಲ ಮೇಲಿಟ್ಟೆ. ಅಷ್ಟರಲ್ಲಿ ಕಂಡಕ್ಟರ್, "ರೈಟ್ ಪೋಯಿ!" ಅಂದ. ಬಸ್ಸು ಕದಲಿತು. ಮರದ ಮೆಟ್ಟಿಲು ಯಾವತ್ತೂ ಕದಲಿರಲಿಲ್ಲ. ಎಡಗಾಲು ಇನ್ನೂ ನೆಲದಲ್ಲಿತ್ತು. ಹಿಂದಿನಿಂದ ಅಮ್ಮ ಕೂಗಿದ್ದು ಕೇಳಿಸಿತು. ಕಂಬಿಯನ್ನು ಬಿಗಿಯಾಗಿ ಹಿಡಿದೆ, ಬಲತೊಡೆಗೆ ಇದ್ದ ಬಲವನ್ನೆಲ್ಲ ಕರೆದೆ. ತೊಡೆ ನಡುಗಿತು, ನಡುಗುತ್ತಲೇ ನೆಟ್ಟಗಾಯಿತು. ಎಡಗಾಲು ನೆಲ ಬಿಟ್ಟು ಬಂದು ಮೆಟ್ಟಿಲಿಗೆ ತಾಗಿದ್ದು ನನಗೆ ಸರಿಯಾಗಿ ತಿಳಿಯಲಿಲ್ಲ. ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ.

ಕಂಡಕ್ಟರ್ ನನ್ನನ್ನು ಒಳಗೆ ಸರಿಸಿ ಸಿಡುಕಿದ. "ಎಂತಕ್ಕ ಇಷ್ಟು ಹೊತ್ತು? ಕಾಲಿಲ್ವಾ ನಿಮಗೆ?"

ಬಸ್ಸಿನವರೆಲ್ಲ ನನ್ನತ್ತ ತಿರುಗಿದರು. ಇನ್ನೂ ಏದುಸಿರು ಬರುತ್ತಿತ್ತು.

"ಉಂಟು ಮಾರಾಯ," ಅಂದೆ. "ಎರಡೂ ಉಂಟು."